ಹದಿನೇಳು ಮೊಳ

"ಏಳೂವರಿ ಇಂಚು ಹೊರಗ ಬಂದೈತ್ರಿ," ಎಂದಳು ನೀಲಾ, ಟೇಪಿನ ತುದಿಯನ್ನು ಬುನಾದಿಯ ಕಲ್ಲಿನ ಮೇಲೆ ಒತ್ತಿ ಹಿಡಿದು. "ಓಣಿ ಕಡೆ ಮೂರು ಫೂಟು ಬಿಡಬೇಕಂತ ನಕ್ಷಾದಾಗ ಐತಿ. ಹಿಂಗ ಇದ್ರ ನಾ ಫೋಟೋ ಹೊಡ್ಯಾಂಗಿಲ್ಲ."

ನೀಲಾ ಲಕ್ಷ್ಮೇಶ್ವರ ಪುರಸಭೆಯ ಎಂಜಿನಿಯರ್. ಸರಕಾರದ ಮನೆ ಮಂಜೂರಾದವರ ಬುನಾದಿ ಅಳೆದು, ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸುವುದು ಅವಳ ಕೆಲಸ. ಇವತ್ತೇ ಕಡೆಯ ದಿನ. ಸಂಜೆ ಐದರೊಳಗೆ ಫೋಟೋ ಹೋಗದಿದ್ದರೆ ಮನೆ ಯಾದಿಯ ಮುಂದಿನವರ ಪಾಲು. ಒಂಬತ್ತು ವರ್ಷ ತಗಡಿನ ಶೆಡ್ಡಿನಲ್ಲಿ ಬೆಂದಿದ್ದ ಶಂಕ್ರೆವ್ವ ಟೇಪಿನ ಮೇಲೆ ಬಗ್ಗಿ ನೋಡಿದಳು.

"ಏಳೂವರಿ ಇಂಚಿಗೆ ಏನಾಕ್ಕೈತ್ರಿ ಬಾಯಾರ?" ಎಂದ ಅವಳ ಗಂಡ ಹೊಳೆಯಪ್ಪ. ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವ ಆಳು, ಓಣಿಗೆಲ್ಲ ಎತ್ತರದವನು.

"ಹಿಂಗ ಎಲ್ಲಾರೂ ಅಂತಾರ. ನಾಳೆ ನಿಮಗ ಆರಾಮಿಲ್ಲಂದ್ರ ಆಂಬುಲೆನ್ಸ್ ಒಳಗ ಬರಾಂಗಿಲ್ಲ. ಮಂಚದ ಮ್ಯಾಲೆ ಹೊತ್ಕೊಂಡು ಹೋಗಬೇಕಾಕ್ಕೈತಿ."

ಎದುರು ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಗುಲಾಬಬಿ ಕಿಸಕ್ಕನೆ ನಕ್ಕಳು. "ಆ ಮನಶ್ಯಾಗ ಎರಡು ಮಂಚ ಬೇಕ್ರಿ ಬಾಯಾರ!"

"ಗ್ವಾಡಿ ಹಿಂದ ಸರಸಾಕ ಬರೂದಿಲ್ರಿ," ಎಂದು ಗವಂಡಿ ಮರ್ದಾನಸಾಬ ನಡುವೆ ಬಾಯಿ ಹಾಕಿದ. "ಹದಿನೇಳು ಮೊಳ ಉದ್ದ, ಹನ್ನೊಂದು ಮೊಳ ಅಗಲ. ಸಿಂಹಾಯ ಕೂಡಿ ಬಂದೈತಿ. ಒಂದು ಮೊಳ ಕಡಿಮಿ ಮಾಡಿದ್ರ ಕಾಕಾಯ."

ಉದ್ದ ಅಗಲಗಳ ಮೊಳಗಳನ್ನು ಗುಣಿಸಿ ಎಂಟರಿಂದ ಭಾಗಿಸಿದಾಗ ಉಳಿದದ್ದೇ ಮನೆಯ ಆಯ. ಮೂರು ಉಳಿದು ಸಿಂಹ ಬಂದರೆ ಮನೆ ತುಂಬುತ್ತದೆ, ಏನೂ ಉಳಿಯದೆ ಕಾಗೆ ಬಂದರೆ ಕೂಳು ನಿಲ್ಲುವುದಿಲ್ಲ. ನಲವತ್ತು ವರ್ಷದಿಂದ ಓಣಿ ಓಣಿಗೂ ಆಯ ನೋಡಿ ಮನೆ ಕಟ್ಟಿಕೊಟ್ಟವನು ಮರ್ದಾನಸಾಬ.

"ನನಗ ಸಿಂಹ, ಕಾಗಿ ಗೊತ್ತಿಲ್ರಿ ಸಾಬರ. ಟೇಪು ಗೊತ್ತು. ನಾಕೂವರಿಗೆ ತಿರುಗಿ ಬರತೇನಿ," ಎಂದು ನೀಲಾ ಸ್ಕೂಟಿ ಹತ್ತಿದಳು.

ಧೂಳು ಇಳಿಯುವ ಮೊದಲೇ ಹೊಳೆಯಪ್ಪ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ. "ಫೋಟೋ ಹೊಡಿಯೂಮಟ ಮುಂದಿನ ಕಲ್ಲು ಒಳಗ ಇಡೂಣು. ಆಕಿ ಹೋದಮ್ಯಾಲೆ ಮತ್ತ ಹೊರಗ."

"ಸುಳ್ಳಿನ ಮ್ಯಾಲೆ ದೇವರ ಜಗಲಿ ಹಾಕ್ಸತೀರೇನು?"

ಶಂಕ್ರೆವ್ವ ಬುನಾದಿಯ ಮೂಲೆಯಲ್ಲಿ ಕುಕ್ಕರಿಸಿದಳು. ಮೊಳಕ್ಕೊಂದು ಗಂಟು ಹಾಕಿದ ಅಳತೆಯ ಹುರಿ ಅಲ್ಲೇ ಬಿದ್ದಿತ್ತು. ಎತ್ತಿಕೊಂಡು ಒಂದೊಂದೇ ಗಂಟನ್ನು ಜಪದ ಮಣಿಯಂತೆ ಬೆರಳಿನಲ್ಲಿ ದಾಟಿಸುತ್ತ ಹೋದವಳು, ಆರನೆಯದಕ್ಕೆ ತಟ್ಟನೆ ಕೈ ನಿಲ್ಲಿಸಿದಳು.

"ಕಾಕಾ, ಈ ಮೊಳ ಯಾರ ಕೈಯಿದು?" ಎಂದು ಗವಂಡಿಯನ್ನು ಕೇಳಿದಳು.

"ನಿನ್ನ ಗಂಡಂದು. ನಿನ್ನ ಎದುರಿಗೇ ಅಳದೆನಲ್ಲವ್ವಾ."

"ಯಾರ ಕೈ ಹಿಡೀಬೇಕು?"

"ಮನಿ ಯಾರದೋ ಅವರದು."

"ಮನಿ ಯಾರದು?"

ಹಕ್ಕುಪತ್ರದಲ್ಲಿ ಇದ್ದದ್ದು ಒಂದೇ ಹೆಸರು, ಶಂಕ್ರೆವ್ವ.

ಅವಳು ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ಚಾಚಿದಳು. "ಅಳೀರಿ."

"ಯವ್ವಾ, ಹೆಣ್ಣಮಗಳ ಕೈ ಇನ್ನತನಕ ಹಿಡದಿಲ್ಲ ನಾ..."

"ಹಿಡಿಯೋ ಮರ್ದಾನಣ್ಣಾ," ಗುಲಾಬಬಿ ಕೂಗಿದಳು. "ಗಂಡ ಎದುರಿಗೇ ಅದಾನ, ಇದೇನು ನಿಕಾ ಅಲ್ಲ, ಕಾಜೀ ಯಾಕ!"

ಮುದುಕ ನಾಚಿ ಹೊಸ ಹುರಿಯನ್ನು ಹೊಳೆಯಪ್ಪನ ಕೈಗೆ ಕೊಟ್ಟ. ಹೊಳೆಯಪ್ಪ ಅದನ್ನು ಹೆಂಡತಿಯ ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ ಹಿಡಿದ. ಅವನ ಮೊಳಕ್ಕಿಂತ ಒಂದಿಂಚು ಕಡಿಮೆ. ಹದಿನೇಳು ಗಂಟು ಹಾಕಿ ಹಿಂದಿನ ಗೋಡೆಯಿಂದ ಎಳೆದಾಗ, ಕೊನೆಯ ಗಂಟು ಓಣಿಗೆ ಬಿಡಬೇಕಾದ ಗೆರೆಯಿಂದ ಒಂದು ಗೇಣು ಒಳಗೇ ಬಿತ್ತು.

"ಮೊಳ ಹದಿನೇಳಽ! ಆಯ ಸಿಂಹಽ!" ಮರ್ದಾನಸಾಬ ತಲೆಯ ವಸ್ತ್ರ ಕಿತ್ತು ಗಾಳಿಯಲ್ಲಿ ಬೀಸಿದ. "ತಪ್ಪು ನಂದವ್ವಾ. ಜಲ್ದಿ, ಜಲ್ದಿ! ಅಗಲಾನೂ ಇದಽ ಮೊಳದಾಗ ಬರಬೇಕು. ಮುಂದಿನ ಗ್ವಾಡಿ, ಬಲಕಿನ ಗ್ವಾಡಿ, ಎರಡೂ ಕೀಳ್ರಿ!"

ಆಗಲೇ ಹನ್ನೊಂದು ಹೊಡೆದಿತ್ತು. ಹೊಳೆಯಪ್ಪ ಫೋನು ಹಚ್ಚಿದ. ಅರ್ಧ ಗಂಟೆಯಲ್ಲಿ ಏಳು ಮಂದಿ ಹಮಾಲರು ಟಂಟಂ ಆಟೋದಲ್ಲಿ ತುಂಬಿಕೊಂಡು ಬಂದು ಇಳಿದರು. ಜೋಳದ ಚೀಲ ಹೊತ್ತ ಹೆಗಲುಗಳಿಗೆ ಕಲ್ಲು ಏರಿದವು. ಗುಲಾಬಬಿ ಮೆಣಸಿನಕಾಯಿ ಬುಟ್ಟಿ ಬರಿದು ಮಾಡಿ ಮಣ್ಣು ತುಂಬಿದಳು. ಖಾರ ಹತ್ತಿದ ಕೈಯಿಂದ ಮೂಗು ಒರೆಸಿಕೊಂಡು ಸೀನಿದಳು, ಸೀನುತ್ತಲೇ ಹೊತ್ತಳು. ಯಾರೋ ಒಬ್ಬ ಹಮಾಲ ಭಜನೆಯ ಸೊಲ್ಲು ಎತ್ತಿದ. ಎತ್ತುವಾಗ ಅರ್ಧ, ಇಳಿಸುವಾಗ ಅರ್ಧ, ಕಲ್ಲುಗಳು ತಾಳಕ್ಕೆ ಕೂತವು. ಉಣ್ಣುವುದು ಯಾರಿಗೂ ನೆನಪಾಗಲಿಲ್ಲ.

ಕಡೆಯ ಮೂಲೆಗಲ್ಲು ಕೂರುವಾಗ ಸ್ಕೂಟಿಯ ಸದ್ದು ಕೇಳಿಸಿತು.

ನೀಲಾ ಒಮ್ಮೆ ಅಳೆದಳು. ಟೇಪು ಸುತ್ತಿ, ನಂಬಿಕೆಯಾಗದೆ ಮತ್ತೊಮ್ಮೆ ಬಿಚ್ಚಿ ಅಳೆದಳು. "ಒಂಬತ್ತೂವರಿ ಇಂಚು ಹೆಚ್ಚಿಗಿನ ಬಿಟ್ಟೀರಲ್ರಿ!"

"ನನ್ನ ಕೈ ಅಷ್ಟಽ ಐತ್ರಿ," ಎಂದಳು ಶಂಕ್ರೆವ್ವ. ನೀಲಾಗೆ ಅದು ತಿಳಿಯಲಿಲ್ಲ.

"ಮನಿ ಯಾರ ಹೆಸರಿಲೆ ಐತಿ, ಅವರೊಬ್ಬರಽ ಮುಂದ ನಿಂದರ್ರಿ."

ತಲೆ ಬಾಚಿಕೊಂಡು ಬಂದಿದ್ದ ಹೊಳೆಯಪ್ಪ ಪಕ್ಕಕ್ಕೆ ಸರಿದ. ಶಂಕ್ರೆವ್ವ ಸೆರಗು ಹೊದ್ದು ನಿಂತಳು. ಮೈಯೆಲ್ಲ ಕೆಮ್ಮಣ್ಣು. ಫೋಟೋ ಆಯಿತು. ಮೊಬೈಲಿನಲ್ಲಿ ಸಣ್ಣ ಚಕ್ರ ತಿರುಗತೊಡಗಿತು. ನಾಕೂ ಐವತ್ತು. ನಾಕೂ ಐವತ್ತಮೂರು. ನೀಲಾ ಮೊಬೈಲು ಎತ್ತಿ ಹಿಡಿದು ಗುಲಾಬಬಿಯ ಕಟ್ಟೆ ಹತ್ತಿದಳು. ಓಣಿಯೆಲ್ಲ ಆ ಕೈಯನ್ನೇ ನೋಡಿತು.

"ಹೋತು!"

ಹಮಾಲರ ಕೇಕೆಗೆ ಪಾರಿವಾಳಗಳು ಎದ್ದವು. ಗುಲಾಬಬಿ ಚಹಾಕ್ಕೆ ಇಡಲು ಓಡಿದಳು.

ಶಂಕ್ರೆವ್ವ ಮಾತ್ರ ಕಲ್ಲು ದಾಟಿ ಒಳಗೆ ಹೋಗಿ, ಒಲೆ ಬರಬೇಕಾದಲ್ಲಿ ಕೂತಿದ್ದಳು. ಹೊಳೆಯಪ್ಪ ಅವಳ ಕಡೆ ಹೊರಟ. ಮೊಳಕಾಲೆತ್ತರದ ಕಲ್ಲು, ಎಲ್ಲಿಂದ ಬೇಕಾದರೂ ದಾಟಬಹುದಿತ್ತು. ಅವನು ಸುತ್ತುವರಿದು ಬಾಗಿಲು ಬರುವ ಜಾಗಕ್ಕೆ ಬಂದ. ಚಪ್ಪಲಿ ಬಿಟ್ಟ.

"ಬರ್ಲೇನು?"

"ಬರ್ರಿ."

ಇನ್ನೂ ಬಾಗಿಲಿಲ್ಲದ ಬಯಲಿನಲ್ಲಿ ಅವನು ತಲೆ ಬಗ್ಗಿಸಿ ಒಳಗೆ ಬಂದ.