ಏರಿಯ ಮೇಲೆ ನಿಂತ ಜಟಕಾ

ಖಾಸಿಂ ಲಗಾಮು ಜಗ್ಗಿದ, ನಾಲಗೆಯಲ್ಲಿ ಲೊಚಗುಟ್ಟಿದ, ಹೆಸರು ಹಿಡಿದು ಕರೆದ. ಕುದುರೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಕೆರೆ ಏರಿಯ ನಟ್ಟನಡುವೆ, ಹೊಂಗೆ ಮರದ ಕೆಳಗೆ, ಜಟಕಾ ನಿಂತೇಬಿಟ್ಟಿತು. ಒಳಗೆ ಹುಲ್ಲಿನ ಮೇಲೆ, ಕಂಬಳಿ ಹೊದಿಸಿಕೊಂಡು ಮುನಿತಾಯಮ್ಮ ಮಲಗಿದ್ದಳು. ಹಿಂದಿನ ದಿನ ದೇವನಹಳ್ಳಿ ಸಂತೆಯಲ್ಲಿ ಚಕ್ಕೋತದ ಬುಟ್ಟಿಯ ಮುಂದೆ ಕೂತವಳು ಕೂತಲ್ಲೇ ವಾಲಿದ್ದಳು. ಬೆಳಗಿನ ಜಾವ ಅಲ್ಲಿನ ಧರ್ಮಾಸ್ಪತ್ರೆಯಲ್ಲಿ ಜೀವ ಹೋಗಿತ್ತು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಡ ಬೈಲಪ್ಪ ಕೂತಿದ್ದ.

"ಯಾಕಯ್ಯಾ ನಿಂತ್ಕಂತು?"

"ಒಂದ್ಗಳಿಗೆ ತಡೀರಿ ಗೌಡ್ರೇ. ಅದೇ ಹೊರಡ್ತದೆ."

"ಒಂದು ಬಾರ್ಸು ಮತ್ತೆ! ಚಾವಟಿ ಯಾಕೆ ಇಟ್ಕಂಡಿದ್ದೀಯ, ಪೂಜೆಗಾ?"

"ಇಲ್ಲಿ ಹೊಡೆಯಲ್ಲ ಗೌಡ್ರೇ," ಅಂದ ಖಾಸಿಂ, ಹಿಂದಕ್ಕೆ ತಿರುಗದೆ.

ಇಲ್ಲಿ ಹೊಡೆಯುವುದಿಲ್ಲವಂತೆ! ಇಲ್ಲಿ ಅಂದರೇನು? ಈ ಜಾಗಕ್ಕೇನು ಕೋಡು ಮೂಡಿದೆಯೆ? ಬೈಲಪ್ಪನ ಎದೆಯಲ್ಲಿ ಎರಡು ವರ್ಷದಿಂದ ಕೂತಿದ್ದ ಮುಳ್ಳು ಅಲ್ಲೇ ಒಂದು ಸುತ್ತು ತಿರುಗಿತು.

ಯುದ್ಧ ಶುರುವಾಗಿ ಪೆಟ್ರೋಲು ಸಿಗದೆ ಹೋದಮೇಲೆ ಕುಂದಾಣದ ಕಡೆಗೆ ಬರುತ್ತಿದ್ದ ಬಸ್ಸು ಇದ್ದಿಲ ಹೊಗೆಯ ಮೇಲೆ ಕೆಮ್ಮುತ್ತಾ ಓಡಿ, ಕೊನೆಗೆ ಅದೂ ನಿಂತಿತ್ತು. ಅಂದಿನಿಂದ ಮುನಿತಾಯಮ್ಮ ಸಂತೆಯಿಂದ ಬರುತ್ತಿದ್ದದ್ದು ಖಾಸಿಮನ ಜಟಕಾದಲ್ಲಿ. ಜೊತೆಗಾತಿ ಸಪ್ಪಲಮ್ಮ ಏರಿಗೆ ಮುಂಚೆಯೇ ಸಿಗುವ ಇನ್ನೊಂದು ಕವಲಿನಲ್ಲಿ ಇಳಿದು ತನ್ನ ಹಳ್ಳಿಗೆ ಹೋಗುತ್ತಿದ್ದಳು. ಅಲ್ಲಿಂದ ಊರಿನ ತನಕ ಜಟಕಾದಲ್ಲಿ ಇವರಿಬ್ಬರೇ. ಕಾಲ್ನಡಿಗೆಯಲ್ಲಿ ಬಂದ ಹೆಂಗಸರು ಕಾಲು ತೊಳೆದು ಒಲೆ ಹಚ್ಚಿದ ಮೇಲೆ ಇವಳು ಬರುತ್ತಿದ್ದಳು. ಅದೂ ಹೇಗೆ? ದಣಿದವಳ ಹಾಗಲ್ಲ, ಮುಖದಲ್ಲಿ ಅದೇನೋ ಕಳೆ. ಒಂದು ಸಂಜೆ ಬೈಲಪ್ಪ ಏರಿಯ ಕೆಳಗಿನ ತನ್ನ ಹೊಲದಿಂದ ತಲೆಯೆತ್ತಿದಾಗ, ಇದೇ ಹೊಂಗೆ ಮರದ ಕೆಳಗೆ ಜಟಕಾ ನಿಂತಿತ್ತು. ಎಷ್ಟು ಹೊತ್ತಾದರೂ ಕದಲಲಿಲ್ಲ. ಮನೆಗೆ ಬಂದವಳನ್ನು ಯಾಕೆ ತಡ ಎಂದು ಕೇಳಿದ್ದಕ್ಕೆ, "ಕುದುರೆ ನಿಂತ್ಬಿಡ್ತು" ಅಂದಿದ್ದಳು, ಅಷ್ಟೇ. ಸುಳ್ಳು ಎಂದುಕೊಂಡಿದ್ದ. ಈಗ ನೋಡಿದರೆ ಕುದುರೆ ನಿಜವಾಗಿಯೂ ನಿಲ್ಲುತ್ತದೆ. ರೂಢಿ ಮಾಡಿಸದೆ ಯಾವ ಕುದುರೆ ತಾನೇ ಹೀಗೆ ಒಂದು ಮರದ ಕೆಳಗೆ ನಿಂತೀತು?

ಖಾಸಿಂ ಕೆಳಗಿಳಿದು ಕುದುರೆಯ ಹಣೆಗೆ ಹಣೆ ಹಚ್ಚಿ ಏನೋ ಪಿಸುಗುಟ್ಟಿದ. ಹೆಗಲ ಟವಲಿನಿಂದ ಕಣ್ಣೊರೆಸಿಕೊಂಡ. ಕಡಿವಾಣದ ಹತ್ತಿರ ಹಿಡಿದು ಮೆಲ್ಲಗೆ ಎಳೆದಾಗ ಕುದುರೆ ಮನಸ್ಸಿಲ್ಲದ ಮನಸ್ಸಿನಿಂದ ಹೆಜ್ಜೆಯಿಟ್ಟಿತು. ಹೆಂಡತಿ ಸತ್ತದ್ದು ತನಗೆ, ಕಣ್ಣೊರೆಸಿಕೊಳ್ಳುವವನು ಇವನು! ಬೈಲಪ್ಪನ ಕಣ್ಣು ಮಾತ್ರ ಒಣಗಿ ಉರಿಯುತ್ತಿತ್ತು. ಏರಿ ಇಳಿದರೆ ದಾರಿ ಕವಲಾಗುತ್ತದೆ, ಎಡಕ್ಕೆ ಹೊಲ, ಬಲಕ್ಕೆ ಊರು. ಜಟಕಾ ಬಲಕ್ಕೆ ಹೊರಳಿತು.

*

ಊರಾಚೆ ಸತ್ತವರನ್ನು ಹೊಸಿಲೊಳಗೆ ತರುವ ಹಾಗಿಲ್ಲ. ಅಂಗಳದಲ್ಲೇ ಚಪ್ಪರ ಹಾಕಿ ಮುನಿತಾಯಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಅರಿಸಿನ ಕುಂಕುಮ ಇಟ್ಟು, ಹೂವು ಮುಡಿಸಿದರು. ತಮಟೆಯವರು ಬೀದಿಯಲ್ಲಿ ಬೆಂಕಿ ಮಾಡಿ ತಮಟೆ ಕಾಯಿಸತೊಡಗಿದರು. ಕುದುರೆಯನ್ನು ಹುಣಸೆ ಮರಕ್ಕೆ ಕಟ್ಟಿ, ಬೇಲಿಯ ಪಕ್ಕ ಖಾಸಿಂ ಕುಕ್ಕರುಗಾಲಲ್ಲಿ ಕೂತಿದ್ದ.

"ಆ ಜಟಕಾದವನು ಇನ್ನೂ ಹೋಗ್ಲಿಲ್ವಲ್ಲೋ," ಅಂದ ಬೈಲಪ್ಪನ ಅಣ್ಣ ಅಪ್ಪಯ್ಯಣ್ಣ, ತಮ್ಮನ ಕಿವಿಯ ಹತ್ತಿರ ಬಾಗಿ. "ಬಾಡಿಗೆ ಕೊಟ್ಟು ಕಳ್ಸು ಅತ್ಲಾಗೆ."

"ಕೊಟ್ಟೆ. ಬ್ಯಾಡ ಅಂದ."

"ಬ್ಯಾಡ ಅಂದ್ನಾ?" ಅಪ್ಪಯ್ಯಣ್ಣನ ಹುಬ್ಬು ನೆತ್ತಿಗೇರಿತು. "ಬಾಡಿಗೆ ಬ್ಯಾಡ ಅನ್ನೋ ಜಟಕಾದವನನ್ನ ನನ್ನ ಜಲ್ಮದಾಗೆ ಕಂಡಿಲ್ಲ ಕಣೋ."

ಬೈಲಪ್ಪ ಬೇಲಿಯ ಕಡೆ ನೋಡಿದ. ಮಾತಾಡಿದರೆ ಸತ್ತವಳ ಮಾನ, ತನ್ನ ಮಾನ, ಎರಡೂ ಬೀದಿಗೆ ಬೀಳುತ್ತವೆ. ಆದರೆ ಇವತ್ತು ಕೇಳದಿದ್ದರೆ ಇನ್ನು ಯಾರನ್ನು ಕೇಳುವುದು? ಉತ್ತರ ಹೇಳಬೇಕಾದವಳು ಗೋಡೆಗೊರಗಿ ಕೂತುಬಿಟ್ಟಿದ್ದಾಳೆ. ಹೊತ್ತು ಮುಳುಗುವುದರೊಳಗೆ ಮಣ್ಣಾಗುತ್ತಾಳೆ. ಅವಳ ಜೊತೆ ಕಳೆದ ಬಾಳು ತನ್ನದೇ ಹೌದೋ ಅಲ್ಲವೋ ಎಂಬುದು ಗೊತ್ತಾಗದೆ ತಾನು ಹೇಗೆ ಬದುಕುವುದು?

ಅಷ್ಟರಲ್ಲಿ ಸಪ್ಪಲಮ್ಮ ಎದೆ ಬಡಿದುಕೊಳ್ಳುತ್ತಾ ಬಂದಳು. ಮುನಿತಾಯಮ್ಮನ ಕಾಲ ಬಳಿ ಕುಸಿದು, ಹಾಡಿಕೊಂಡು ಅಳತೊಡಗಿದಳು. "ನನ್ನವ್ವಾ, ನಿನ್ನ ಹಾಡೆಲ್ಲಾ ಕಟ್ಕಂಡು ಹೋದ್ಯಲ್ಲೇ! ಇನ್ನು ಆ ಜಟಕಾದಾಗೆ ಯಾರು ಹಾಡ್ತಾರೇ, ನಾನ್ಯಾರ ಹಾಡು ಕೇಳ್ಲೇ!"

ಬೈಲಪ್ಪ ತಲೆಯೆತ್ತಿದ. ಅಳು ಒಂದಿಷ್ಟು ಇಳಿಯುವ ತನಕ ಕಾದು ಅವಳನ್ನು ಪಕ್ಕಕ್ಕೆ ಕರೆದ.

"ಏನಂದೆ ಸಪ್ಪಲಕ್ಕ? ಇವಳು ಹಾಡ್ತಿದ್ಳಾ?"

"ಅಯ್ಯೋ ಇದೇನಣ್ಣಾ ಹಿಂಗ್ ಕೇಳ್ತೀಯ!" ಸಪ್ಪಲಮ್ಮ ಕಣ್ಣು ಬಿಟ್ಟುಕೊಂಡು ನೋಡಿದಳು. "ಸೋಬಾನೆ ಹಾಡ್ತಿದ್ಳು, ನಾಟಿ ಹಾಡು ಹಾಡ್ತಿದ್ಳು. ಚಿಕ್ಕ ಹುಡುಗಿ ಹಂಗೆ ತೊಡೆ ತಟ್ಕಂಡು! ಮರ್ತಿದ್ದ ಹಾಡು ಒಂದೊಂದೇ ನೆಪ್ಪಿಗೆ ಬಂದಂಗೆಲ್ಲ ನನ್ನ ಭುಜ ಹಿಡಿದು ಅಲ್ಲಾಡ್ಸೋಳು. ಈ ವಯಸ್ಸಿಗೆ ಇದೇನೇ ನಿಂಗೆ ಹುಚ್ಚು ಅಂತ ನಾನೇ ನಗ್ತಿದ್ದೆ. ಮನ್ಯಾಗೆ ಹಾಡ್ತಿರ್ಲಿಲ್ವಾ?"

ಹಾಗಾದರೆ ಹಾಡುತ್ತಿದ್ದಳು. ಗಂಡನ ಮುಂದೆ ಇಪ್ಪತ್ತು ವರ್ಷಕ್ಕೂ ಮೇಲೆ ತುಟಿ ಬಿಚ್ಚದವಳು ಜಟಕಾದವನ ಬೆನ್ನ ಹಿಂದೆ ಕೂತು ತೊಡೆ ತಟ್ಟಿ ಹಾಡುತ್ತಿದ್ದಳು. ಇದಕ್ಕಿಂತ ಇನ್ನೇನು ಬೇಕು?

*

ಹಿಂದೆ ಈ ಮನೆಯಲ್ಲಿ ಹಾಡಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಮುನಿತಾಯಮ್ಮ ರಾಗಿ ಬೀಸುತ್ತಾ ಹಾಡಿದರೆ ಪಕ್ಕದ ಮನೆಯವರು ತಮ್ಮ ಕಲ್ಲು ನಿಲ್ಲಿಸುತ್ತಿದ್ದರು. ಹೆಣ್ಣು ಮಗು ಹುಟ್ಟಿದ ಮೇಲೆ ಒಂದು ಜೋಗುಳ ಕಟ್ಟಿಕೊಂಡಿದ್ದಳು. ಹೊಲದಿಂದ ಬಂದ ಬೈಲಪ್ಪ ಜಗುಲಿಯ ಮೇಲೆ ಅಂಗಾತ ಬಿದ್ದು ಕೇಳುತ್ತಿದ್ದ. ಎರಡು ಸಾಲು ಹಾಡುವಷ್ಟರಲ್ಲಿ ಮಗು ನಿದ್ದೆ ಹೋಗುತ್ತಿತ್ತು, ಹಾಡು ಅಲ್ಲಿಗೇ ನಿಲ್ಲುತ್ತಿತ್ತು. ಮುಂದೇನು ಎಂದು ಅವನು ಕೇಳಿದವನಲ್ಲ. ನಾಳೆ ಕೇಳಿದರಾಯಿತು ಎನ್ನುವ ಕಾಲ ಅದು.

ಸಿಡುಬು ಬಂತು, ಮಗುವನ್ನು ಕೊಂಡೊಯ್ದಿತು. ಆಮೇಲೆ ಮಕ್ಕಳಾಗಲಿಲ್ಲ. ಒಂದು ಬೆಳಿಗ್ಗೆ ಬೀಸುವ ಕಲ್ಲಿನ ಮುಂದೆ ಕೂತವಳ ಗಂಟಲಿನಿಂದ ಆ ಜೋಗುಳ ತಾನಾಗಿ ಹೊರಟಿತು. ಬೈಲಪ್ಪ ಹಾಸಿಗೆಯಿಂದೆದ್ದು ಬಂದು ಬಾಗಿಲಲ್ಲಿ ನಿಂತ. ಹಾಡಲಿ, ನಿಲ್ಲಿಸದಿರಲಿ ಎಂದು ಉಸಿರು ಬಿಗಿಹಿಡಿದ. ಕಣ್ಣಲ್ಲಿ ನೀರು ಧಾರಾಕಾರ. ಮುನಿತಾಯಮ್ಮ ತಲೆಯೆತ್ತಿ ಅವನ ಮುಖ ನೋಡಿದಳು, ತಟಕ್ಕನೆ ಸೆರಗನ್ನು ಬಾಯಿಗೊತ್ತಿಕೊಂಡಳು. ಅಂದಿನಿಂದ ಆ ಮನೆಯಲ್ಲಿ ಕಲ್ಲಿನ ಸದ್ದು ಮಾತ್ರ. ಅವಳಿಗೆ ಹಾಡು ಬೇಡವಾಗಿದೆ ಎಂದು ಅವನು ತಿಳಿದ. ಹಾಡೇ ಎಂದು ಬಾಯಿ ಬಿಟ್ಟು ಕೇಳುವ ಗಂಡಸು ಅವನಲ್ಲ. ಆದರೂ ಎಷ್ಟೋ ಬೆಳಗು, ಕಲ್ಲು ತಿರುಗುವಾಗ, ಕಂಬಳಿಯೊಳಗೆ ಕಿವಿ ನಿಮಿರಿಸಿಕೊಂಡೇ ಮಲಗಿದ್ದ.

*

ಹೊಲದ ಮೂಲೆಯಲ್ಲಿ ಗುಂಡಿ ಸಿದ್ಧವಾಗಿತ್ತು. ಮುನಿತಾಯಮ್ಮನನ್ನು ಇಳಿಸಿ, ಬಾಯಿಗೆ ಅಕ್ಕಿ ಹಾಕಿ, ಮುಖದ ಮೇಲೆ ಬಟ್ಟೆ ಎಳೆದರು. ಬೈಲಪ್ಪ ಮೂರು ಹಿಡಿ ಮಣ್ಣು ಹಾಕಿದ. ಅಪ್ಪಯ್ಯಣ್ಣ ಹಾಕಿದ. ನೆಂಟರು, ಊರವರು, ಸಪ್ಪಲಮ್ಮ, ಎಲ್ಲರೂ ಹಾಕಿದರು. ಎಲ್ಲರ ಹಿಂದೆ ಜಟಕಾ ತಂದು ನಿಲ್ಲಿಸಿದ್ದ ಖಾಸಿಂ ಟವಲನ್ನು ತಲೆಗೆ ಸುತ್ತಿಕೊಂಡು ಮುಂದೆ ಬಂದ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಬೈಲಪ್ಪ ಅವನ ಮಣಿಕಟ್ಟನ್ನು ಹಿಡಿದ.

"ತಡಿ. ಏರಿ ಮ್ಯಾಲೆ ನಿನ್ನ ಕುದುರೆ ಯಾಕೆ ನಿಲ್ತದೆ? ಅದನ್ನ ಹೇಳು. ಆಮ್ಯಾಕೆ ಮಣ್ಣು."

ತಮಟೆ ನಿಂತಿತು. ಖಾಸಿಂ ಸುತ್ತಲಿನವರನ್ನು ನೋಡಿದ, ಮುಷ್ಟಿ ಬಿಗಿಯಾಗಿಯೇ ಇತ್ತು.

"ಗೌಡ್ರೇ, ಹೋದ ವರ್ಷ ಅಲ್ಲ, ಅದರ ಹಿಂದಿನ ವರ್ಷ ನಮ್ಮ ಮೋತಿ ಮರಿ ಹಾಕ್ತು. ಮರಿ ಉಳೀಲಿಲ್ಲ. ಮನೇಲಿ ಕಟ್ಟಾಕಿ ಮೇವು ಹಾಕೋಕೆ ಗತಿ ಇಲ್ಲ, ಗಾಡಿಗೆ ಹೂಡ್ದೆ. ಏರಿ ಮೇಲೆ ಬಂದು ನಿಂತ್ಬಿಡ್ತು. ಹೊಡೆದೆ, ಬೈದೆ. ಮರೀನ ಕೂಗೋ ಥರಾ ಕೂಗ್ತದೆ, ಹೆಜ್ಜೆ ಇಡಲ್ಲ. ಅಕ್ಕ ಇಳಿದು ಬಂದು ಚಾವಟಿ ಕಿತ್ಕೊಂಡ್ರು. 'ಅದರ ಸಂಕ್ಟ ನಿಂಗೇನೋ ಗೊತ್ತು' ಅಂತ ಬೈದು, ಅದರ ಕತ್ತು ತಬ್ಕೊಂಡು ಒಂದು ಜೋಗುಳ ಹಾಡಿದ್ರು. ಹಾಡು ಪೂರ್ತಿ ಆದ್ಮೇಲೆ ಅದು ತಾನೇ ಹೊರಡ್ತು. ಅವತ್ತಿಂದ ಊರ ಕಡೆ ಬರೋವಾಗ ಅಲ್ಲಿಗೆ ಬಂದ್ರೆ ಆ ಹಾಡು ಆಗ್ಬೇಕು. ಆಗದಿದ್ರೆ ತಾನಾಗಿ ನಡಿಯಲ್ಲ. ಅಕ್ಕನಿಗೆ ಬಾಕಿ ಹಾಡೆಲ್ಲ ವಾಪಸ್ ಬಂದಿದ್ದೂ ಅವತ್ತಿಂದ್ಲೇ."

"ಹಂಗಾದ್ರೆ ನನ್ಗ್ಯಾಕೆ ಹೇಳ್ಲಿಲ್ಲ ಅವಳು?" ಬೈಲಪ್ಪನ ದನಿ ಒಡೆಯಿತು. "ಮನ್ಯಾಗೆ ಯಾಕೆ ಹಾಡ್ಲಿಲ್ಲ?"

"ನಾನೂ ಕೇಳಿದ್ದೆ ಗೌಡ್ರೇ. 'ನಮ್ಮ ಯಜಮಾನ್ರು ಕೇಳಿದ್ರೆ ಮಗು ನೆಪ್ಪಾಗಿ ಅಳ್ತಾರೆ ಕಣೋ, ಒಂದ್ಸಲ ಕಂಡಿದ್ದೀನಿ, ಇನ್ನೊಂದ್ಸಲ ಅವರ್ನ ಅಳ್ಸಾಕೆ ನನ್ನ ಕೈಲಾಗಲ್ಲ' ಅಂದ್ರು."

"ಕುದುರೆಗೆ ಜೋಗುಳವಂತೆ!" ಅಪ್ಪಯ್ಯಣ್ಣ ಕ್ಯಾಕರಿಸಿ ಉಗಿದ. "ಕತೆ ಕಟ್ಟಾಕೂ ಒಂದು ಮಿತಿ ಬ್ಯಾಡ್ವಾ? ಬೈಲಾ, ಮುಚ್ಸೋ ಗುಂಡೀನ."

ಬೈಲಪ್ಪ ಖಾಸಿಮನ ಕೈ ಬಿಟ್ಟ. ನಂಬುವುದಕ್ಕೆ ಆಸೆ, ನಂಬಿ ಮೋಸಹೋದರೆ ಎಂಬ ಭಯ. ಸಂಶಯಕ್ಕೆ ಒಮ್ಮೆ ಮನೆಯಲ್ಲಿ ಜಾಗ ಕೊಟ್ಟರೆ ಅದು ಸುಲಭಕ್ಕೆ ಎದ್ದು ಹೋಗುತ್ತದೆಯೆ?

"ಯಾರೂ ಮುಚ್ಬ್ಯಾಡಿ," ಅಂದ. "ನಾನು ಬರೋಗಂಟ ಗುದ್ಲಿ ಮುಟ್ಬ್ಯಾಡಿ. ಖಾಸಿಂ, ಹತ್ತು ಗಾಡಿ. ಲಗಾಮು ನನ್ನ ಕೈಗೆ ಕೊಡು."

"ಲೇ, ಸ್ನಾನ ಇಲ್ಲ, ಏನಿಲ್ಲ, ಗುಂಡಿ ತೆರೆದಿಟ್ಟು ಎಲ್ಲಿಗೋ? ತಲೆ ಕೆಟ್ಟಿತೇನೋ ನಿಂಗೆ!" ಅಪ್ಪಯ್ಯಣ್ಣ ಕೂಗುತ್ತಲೇ ಇದ್ದ. ಜಟಕಾ ಏರಿ ಹತ್ತಿ ಆಗಿತ್ತು.

*

ದೇವನಹಳ್ಳಿಯ ದಿಕ್ಕಿಗೆ ಹೋಗುವಾಗ ಕುದುರೆ ಹೊಂಗೆ ಮರದ ಕಡೆ ತಿರುಗಿಯೂ ನೋಡಲಿಲ್ಲ. ಏರಿಯ ಆ ಕೊನೆಯಲ್ಲಿ ಬೈಲಪ್ಪ ಗಾಡಿ ತಿರುಗಿಸಿದ. ಹಿಂದೆ ಖಾಸಿಂ ಮುನಿತಾಯಮ್ಮ ಕೂರುತ್ತಿದ್ದ ಮೂಲೆಯನ್ನು ಬಿಟ್ಟು ಈಚೆ ಮುದುಡಿ ಕೂತಿದ್ದ. ಬಿಸಿಲು ಕೆರೆಯ ನೀರಿನ ಮೇಲೆ ಓರೆಯಾಗಿ ಬಿದ್ದಿತ್ತು.

ಮರದ ಕೆಳಗೆ ಬಂದದ್ದೇ ಕುದುರೆ ನಿಂತಿತು.

ಬೈಲಪ್ಪ ಲಗಾಮು ಜಗ್ಗಿದ. ಹೋಯ್ ಎಂದ. ಚಾವಟಿಯನ್ನು ಕೈಗೆತ್ತಿಕೊಂಡ, ಹೊಡೆಯಲಾಗದೆ ಕೆಳಗಿಟ್ಟ. ಕುದುರೆ ಎರಡೂ ಕಿವಿಗಳನ್ನು ಹಿಂದಕ್ಕೆ, ಗಾಡಿಯ ಕಡೆಗೆ ತಿರುಗಿಸಿ ಕಾಯುತ್ತಿತ್ತು. ಬೈಲಪ್ಪ ಜನ್ಮದಲ್ಲಿ ಹಾಡಿದವನಲ್ಲ. ಗಂಟಲು ಸರಿಮಾಡಿಕೊಂಡ. ನಾಚಿಕೆಯಾಯಿತು. ಆದರೂ ಬಾಯಿ ತೆರೆದ.

"ಬೆಟ್ಟದ ಮ್ಯಾಗಿನ ಚಂದ್ರಾಮ ಮಲಗವ್ನೆ,
ಕೊಟ್ಟಿಗೆ ಕರುವೂ ಮಲಗೈತೆ..."

ಕುದುರೆಯ ಕತ್ತು ನಿಧಾನವಾಗಿ ಇಳಿಯಿತು. ಅದಕ್ಕೆ ಆ ಹಾಡು ಗೊತ್ತಿತ್ತು. ಒರಟು ದನಿಯೊಳಗೂ ಅದು ಗುರುತು ಹಿಡಿಯಿತು. ಬೈಲಪ್ಪನ ಎದೆಯಿಂದ ಏನೋ ಕಿತ್ತುಕೊಂಡು ಬಂದ ಹಾಗಾಗಿ, ಬೆಳಗಿನಿಂದ ಬಾರದ ಅಳು ಒಮ್ಮೆಲೇ ಬಂತು. ಅಯ್ಯೋ ನನ್ನವಳೇ, ನಾನು ಅತ್ತದ್ದು ನಿಲ್ಲಿಸು ಎಂದಲ್ಲವೇ, ಹಾಡು ಎಂದೇ ಅತ್ತದ್ದು! ಈ ಮಾತನ್ನು ಈಗ ಯಾರಿಗೆ ಹೇಳುವುದು?

ಅವನ ಹಾಡು ಮುಗಿದಿತ್ತು. ಮಗು ನಿದ್ದೆ ಹೋಗುತ್ತಿದ್ದದ್ದು ಅಲ್ಲಿಗೆ. ಕುದುರೆ ಮಾತ್ರ ನಿಂತೇ ಇತ್ತು, ಕಿವಿ ಹಿಂದಕ್ಕೆ ತಿರುಗಿಯೇ ಇತ್ತು.

"ಇನ್ನೂ ಐತಾ?" ಎಂದು ಕೇಳುತ್ತಾ ಬೈಲಪ್ಪ ಹಿಂದಕ್ಕೆ ನೋಡಿದ. ಖಾಸಿಮನ ಬಲಗೈ ಮುಷ್ಟಿ ತೊಡೆಯ ಮೇಲೆ ಬಿಗಿದೇ ಇತ್ತು. ಬೆರಳ ಸಂದಿನಲ್ಲಿ ಗುಂಡಿಯ ಬಳಿ ತೆಗೆದುಕೊಂಡ ಕೆಮ್ಮಣ್ಣು ಇತ್ತು.

"ಐತೆ ಗೌಡ್ರೇ," ಅಂದ ಖಾಸಿಂ. ಕಣ್ಣು ಕೆಳಗೆ ಮಾಡಿ, ತನ್ನ ದಖನಿ ಉರ್ದುವಿನ ನಾಲಗೆಯಲ್ಲಿ ತೊಡರುತ್ತಾ, ಅವಳು ಎಳೆಯುತ್ತಿದ್ದ ಹಾಗೆಯೇ ಎಳೆದು ಹಾಡಿದ.

"ಹೊಲದಿಂದ ನಿನ್ನಪ್ಪ ಬರುವಂಥ ಹೊತ್ತಾಯ್ತು,
ಬಂದಾಗ ಎದ್ದು ನಗುವಂತೆ..."

ಕುದುರೆ ಕಿವಿ ಮುಂದಕ್ಕೆ ಮಾಡಿ ತಾನಾಗಿ ಹೆಜ್ಜೆಯೆತ್ತಿತು. ಏರಿ ಇಳಿದು ಕವಲಿಗೆ ಬಂದಾಗ ವಾಡಿಕೆಯಂತೆ ಊರಿನ ಕಡೆ ಹೊರಳಲು ನೋಡಿತು. ಕೆಳಗೆ ಹೊಲದಲ್ಲಿ ಜನ ಗುದ್ದಲಿ ಹಿಡಿದು ನಿಂತಿದ್ದರು. ಬೈಲಪ್ಪ ಲಗಾಮನ್ನು ಎಡಕ್ಕೆ ಎಳೆದ.