ಸಾಂತಾ ರುಫಿನಾದ ಎಡ ಗೋಪುರ

ಡಾನ್ ಲಿಬೋರಿಯೊ ಸಾಂತಾಕೊಲೋಮಾ ಗಣಿತದ ಪ್ರೊಫೆಸರ್ ಆದದ್ದು ಒಂದು ಫಿರಂಗಿಯ ದೆಸೆಯಿಂದ. ಅದಕ್ಕೂ ಮುಂಚೆ ಅವರು ಬೊಗೊಟಾದ ಬೆಟ್ಟದ ಮಗ್ಗುಲಲ್ಲಿ ಒಂದು ವೀಕ್ಷಣಾಲಯದಲ್ಲಿ ನಕ್ಷತ್ರ ನೋಡಿಕೊಂಡಿದ್ದರು. ಸರಕಾರಗಳು ಬಂದವು, ಹೋದವು. ಒಂದು ಸರಕಾರ ಆ ಕಟ್ಟಡದ ಕೆಳಗಿನ ಕೋಣೆಯಲ್ಲಿ ಕುದುರೆಗೆ ಹುಲ್ಲು ತುಂಬಿತು, ಇನ್ನೊಂದು ಕೈದಿಗಳನ್ನು ತುಂಬಿತು, ಅದರ ಹಿಂದೆ ಬಂದದ್ದು ಆ ಕೈದಿಗಳನ್ನು ಅಲ್ಲೇ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿತು. ಮೇಲಿನ ಅಂತಸ್ತಿನಲ್ಲಿ ಡಾನ್ ಲಿಬೋರಿಯೊ ಗುರುಗ್ರಹದ ಚಂದ್ರರನ್ನು ಹಿಂಬಾಲಿಸುತ್ತಲೇ ಇದ್ದರು. ಇಂಥವರನ್ನು ಕಂಡರೆ ಯಾರಿಗಾದರೂ ಸಿಟ್ಟು ಬರಬೇಕು.

ಅವರಕ್ಕ ತ್ರಾನ್ಸಿತೊಗಂತೂ ಬರುತ್ತಿತ್ತು. ತಾಯಿಯಿಲ್ಲದ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳು. ತನ್ನ ಮದುವೆಯ ಯೋಚನೆಯನ್ನೇ ಮಾಡಿರಲಿಲ್ಲ.

"ಬೀದೀಲಿ ಹೆಣ ಬಿದ್ದಿದೆ ಕಣೋ. ನೀನು ನೋಡಿದ್ರೆ ಇಲ್ಲಿ ಆಕಾಶದ ಅಳಿಯನ ಥರ ಕೂತಿದೀಯ," ಎಂದು ಅವಳು ಬಿಸಿ ಚಾಕೊಲೇಟಿನ ಬಟ್ಟಲನ್ನು ಮುಂದಿಡುತ್ತಿದ್ದಳು.

"ನಾನು ಹೋಗಿ ನೋಡಿದ್ರೆ ಹೆಣ ಏಳುತ್ತಾ, ಅಕ್ಕಾ?"

"ಹೆಣ ಏಳಲ್ಲ, ಬಿಡು. ನೀನೂ ಏಳಲ್ವಲ್ಲ, ಅದೇ ನನ್ನ ಗೋಳು. ಕುಡಿ, ಆರಿ ಹೋಗುತ್ತೆ."

ಒಂದು ವರ್ಷ ದಕ್ಷಿಣದ ದಂಗೆಕೋರರು ಊರೊಳಕ್ಕೇ ನುಗ್ಗಿದರು. ಸರಕಾರದ ಸೈನಿಕರು ಸಾಂತಾ ರುಫಿನಾ ಸನ್ಯಾಸಿನಿಯರ ಮಠಕ್ಕೆ ಸೇರಿಕೊಂಡು ಬಾಗಿಲು ಜಡಿದುಕೊಂಡರು. ಮಠಕ್ಕೆ ಅವಳಿ ಗೋಪುರ. ಒಂದರ ತುದಿಯಲ್ಲಿ ಬಂದೂಕಿನವರು ಕೂತು, ಚೌಕದಲ್ಲಿ ಕಾಲಿಟ್ಟವರನ್ನೆಲ್ಲ ಉರುಳಿಸುತ್ತಿದ್ದರು. ಇನ್ನೊಂದರಲ್ಲಿ, ಗೋಡೆ ದಪ್ಪವೆಂದು, ಸುತ್ತಲ ಬೀದಿಗಳ ಹೆಂಗಸರು ಮಕ್ಕಳು ತುಂಬಿಕೊಂಡಿದ್ದರು. ಮನೆಯ ಚಾವಣಿಗೆ ಬೆಂಕಿ ಬಿದ್ದ ದಿನ ತ್ರಾನ್ಸಿತೊ ಕೂಡ ಅಲ್ಲಿಗೇ ಹೋದಳು.

"ದಿನಾ ಬೆಳಿಗ್ಗೆ ಕಿಟಕೀಲಿ ಶಾಲು ಕೊಡವ್ತೀನಿ. ನಿನ್ನ ಕೊಳವೇಲಿ ನೋಡ್ಕೊ," ಎಂದು ಹೇಳಿ ಹೋಗಿದ್ದಳು. "ಅದರಲ್ಲಿ ಒಂದ್ಸಲವಾದ್ರೂ ಮನುಷ್ಯರು ಕಾಣ್ಲಿ."

ಡಾನ್ ಲಿಬೋರಿಯೊ ದಿನಾ ನೋಡಿದರು. ಅಕ್ಕ ತಲೆಕೆಳಗಾಗಿ ನಿಂತು ಶಾಲು ಕೊಡವುತ್ತಿದ್ದಳು. ನಕ್ಷತ್ರ ನೋಡುವ ದೂರದರ್ಶಕದ ಗುಣವೇ ಅದು: ಮೇಲಿನದನ್ನು ಕೆಳಗೆ, ಎಡದ್ದನ್ನು ಬಲಕ್ಕೆ ತೋರಿಸುತ್ತದೆ. ನಕ್ಷತ್ರಕ್ಕೆ ತಲೆಯೂ ಇಲ್ಲ, ಕಾಲೂ ಇಲ್ಲ, ಆದ್ದರಿಂದ ಆ ಕಸುಬಿನವರು ಅದನ್ನು ತಿದ್ದಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ಚಂದ್ರನ ಚಿತ್ರವನ್ನೂ ತಲೆಕೆಳಗಾಗಿಯೇ ಬರೆಯುತ್ತಾರೆ. ಗಾಜಿನಲ್ಲಿ ಕಂಡದ್ದೇ ಅವರಿಗೆ ಸರಿ.

ಒಂದು ಬೆಳಿಗ್ಗೆ ದಂಗೆಕೋರರ ಕರ್ನಲ್ ಒಬ್ದುಲಿಯೊ ಕಿಹಾನೊ ವೀಕ್ಷಣಾಲಯಕ್ಕೆ ಬಂದ. ಯಾರು ಎಂದು ಕೇಳಿದ ತಪ್ಪಿಗೆ ಬಾಗಿಲು ಕಾಯುವ ಮುದುಕನ ಹೊಟ್ಟೆಗೆ ಅವನ ಸೈನಿಕರು ಬಯೊನೆಟ್ ಇಳಿಸಿದರು. ಅದೇ ರಕ್ತ ಮೆತ್ತಿದ ಬೂಟುಗಳಲ್ಲಿ ಕರ್ನಲ್ ಅವರೊಂದಿಗೆ ಮೇಲೆ ಹತ್ತಿ ಬಂದ.

"ಪಂಡಿತ್ರೇ, ಹೊಗೇಲಿ ಗೋಪುರದ ಆಕಾರ ಕಾಣುತ್ತೆ, ಆಳುಗಳು ಕಾಣಲ್ಲ. ನಮ್ಮ ಹುಡುಗರನ್ನ ಕೊಲ್ತಿರೋರು ಯಾವುದರಲ್ಲಿದಾರೆ, ಹೇಳಿ. ನನ್ನ ಹತ್ರ ಇರೋ ಫಿರಂಗಿ ಮದ್ದು ಒಂದು ಗೋಪುರಕ್ಕೆ ಮಾತ್ರ ಸಾಕಾಗುತ್ತೆ."

"ಇನ್ನೊಂದರಲ್ಲಿ ಹೆಂಗಸರಿದಾರೆ ಸ್ವಾಮಿ. ನಮ್ಮಕ್ಕ ಇದಾಳೆ."

"ಅದಕ್ಕೇ ಕೇಳ್ತಿರೋದು. ಹೆಂಗಸರ ಮೇಲೆ ನನಗೇನು ಹಗೆ? ನೀವು ಹೇಳದಿದ್ರೆ ಕಣ್ಣು ಮುಚ್ಕೊಂಡು ಒಂದನ್ನ ಉರುಳಿಸ್ತೀನಿ."

ಕರ್ನಲ್ ತಾನೇ ಬಗ್ಗಿ ಗಾಜಿಗೆ ಕಣ್ಣಿಟ್ಟ. "ಥೂ, ಎಲ್ಲಾ ಬಾವಲಿ ಥರ ನೇತಾಡ್ತಿದೆ. ನೀವೇ ನೋಡಿ," ಎಂದು ಡಾನ್ ಲಿಬೋರಿಯೊ ಕುತ್ತಿಗೆಗೆ ಪಿಸ್ತೂಲು ಒತ್ತಿ ಅವರನ್ನು ಬಗ್ಗಿಸಿದ.

ಅವರು ನೋಡಿದರು. ಬಲಗಡೆ ಶಾಲು ಅಲ್ಲಾಡುತ್ತಿತ್ತು. ಎಡಗಡೆ ಬಂದೂಕಿನ ನಳಿಗೆಗಳಿದ್ದವು.

"ಎಡವೋ, ಬಲವೋ?"

"ಎಡ."

"ಖಾತ್ರಿನಾ?"

"ಎಡಗಡೇದೇ ಸ್ವಾಮಿ. ನಮ್ಮಕ್ಕ ಬಲಗಡೆ ಇದಾಳೆ, ದಯವಿಟ್ಟು ಅದನ್ನ ಮುಟ್ಟಬೇಡಿ."

ಕರ್ನಲ್ ಕಿಟಕಿಯಿಂದ ಕೂಗಿ ಹೇಳಿದ. ಕೆಳಗೆ ಫಿರಂಗಿ ಗುಡುಗಿತು, ಮತ್ತೆ ಗುಡುಗಿತು. ಗಾಜಿನಲ್ಲಿ ಬಲಗಡೆಯ ಗೋಪುರ ನಡುವಿಗೆ ಸೀಳಿ ಹೋಯಿತು. ಕಲ್ಲುಗಳು, ತೊಲೆಗಳು, ಒಂದು ತೊಟ್ಟಿಲು, ಕೈಕಾಲು ಬಡಿಯುವ ಮನುಷ್ಯರು, ಎಲ್ಲ ಮೇಲಕ್ಕೆ ಬಿದ್ದವು.

"ಗುರಿ ತಪ್ಪಿತು, ನಿಲ್ಲಿಸಿ," ಎಂದು ಡಾನ್ ಲಿಬೋರಿಯೊ ಚೀರಿದರು.

"ಏನ್ ತಪ್ಪಿತು? ಎಡ ಅಂದ್ರಿ, ಎಡಕ್ಕೇ ಬಿತ್ತು."

ಅವರು ಗಾಜಿನಿಂದ ಕಣ್ಣು ತೆಗೆದು ಕಿಟಕಿಯಾಚೆ ನೋಡಿದರು. ಎಡ ಗೋಪುರವಿದ್ದ ಕಡೆ ಧೂಳು ಏಳುತ್ತಿತ್ತು. ತಾವು ಹೇಳಿದ್ದು ಗಾಜಿನೊಳಗಿನ ಎಡ ಎಂದು ಅವರಿಗೆ ಆಗ ತಿಳಿಯಿತು. ಯಂತ್ರ ತಿರುಗಿಸುವ ಹಿತ್ತಾಳೆಯ ಹಿಡಿಯನ್ನು ಕಿತ್ತು ಕರ್ನಲ್ ಮುಖಕ್ಕೆ ಬೀಸಿದರು, ದವಡೆ ಮುರಿದ ಸದ್ದು ಕೇಳಿತು. ಎರಡನೆಯ ಏಟು ದೂರದರ್ಶಕದ ಗಾಜಿಗೆ ಬಿತ್ತು. ಸೈನಿಕರು ಅವರನ್ನು ಕೆಡವಿ ಬಂದೂಕಿನ ಹಿಡಿಯಿಂದ ಹಲ್ಲು ಉದುರುವಂತೆ ಚಚ್ಚಿದರು. ಕೊಂದೇ ಬಿಡುತ್ತಿದ್ದರೇನೋ. ಅಷ್ಟರಲ್ಲಿ ಚೌಕದಿಂದ ಕಿರುಚಾಟ ಕೇಳಿತು. ಇನ್ನು ಭಯವಿಲ್ಲವೆಂದು ನಂಬಿ ಮಠದತ್ತ ಓಡಿದ್ದ ದಂಗೆಕೋರರನ್ನು, ನಿಂತೇ ಇದ್ದ ಗೋಪುರದ ಬಂದೂಕುಗಳು ಸಾಲುಸಾಲಾಗಿ ಮಲಗಿಸುತ್ತಿದ್ದವು. ಕರ್ನಲ್ ರಕ್ತ ಉಗುಳುತ್ತ ಕೆಳಗೆ ಓಡಿದ, ಹೊಸ್ತಿಲು ದಾಟುತ್ತಲೇ ಗುಂಡು ತಗುಲಿ ಸತ್ತ.

ಸರಕಾರ ಗೆದ್ದಿತು. ಅಕ್ಕನನ್ನೇ ಬಲಿ ಕೊಟ್ಟು ಶತ್ರುವಿನ ದಾರಿ ತಪ್ಪಿಸಿದ ಮಹಾಪುರುಷ ಎಂದು ಮಂತ್ರಿಗಳು ಡಾನ್ ಲಿಬೋರಿಯೊರನ್ನು ಅಪ್ಪಿಕೊಂಡರು. ದೂರದರ್ಶಕ ಒಡೆದು ಹೋಗಿತ್ತಲ್ಲ, ಸೈನಿಕ ಶಾಲೆಯಲ್ಲಿ ಗಣಿತದ ಪೀಠ ಕೊಟ್ಟರು.

"ನಾನು ಬೇಕಂತ ಹೇಳ್ಲಿಲ್ಲ. ಬಾಯಿ ತಪ್ಪಿ ಹೇಳ್ದೆ," ಎಂದು ಅವರು ಕಂಡಕಂಡವರಿಗೆ ಹೇಳಿದರು. ಎಂಥ ವಿನಯ ಎಂದು ಜನ ಟೋಪಿ ತೆಗೆದರು. ಪಾದ್ರಿಯೂ ಅದನ್ನೇ ಅಂದ. ಆ ಬಾಯಿಗಳಿಗೆಲ್ಲ ಹುಳ ಬೀಳಲಿ. ಡಾನ್ ಲಿಬೋರಿಯೊಗೆ ಬೇಕಾಗಿದ್ದದ್ದು ಒಂದೇ: ನೀನು ಕೊಂದೆ ಎಂದು ಯಾರಾದರೂ ಒಬ್ಬರು ಮುಖಕ್ಕೆ ಉಗಿಯಬೇಕಾಗಿತ್ತು.

ಮೊದಲ ಪಾಠದ ದಿನ ಒಬ್ಬ ಉಗಿಯುವವನು ಬಂದ. ಸೆಫೆರೀನೊ ಉಮಾನ್ಯಾ, ಕುದುರೆಯ ಜೀನು ಹೊಲಿಯುವವನು. ಕತ್ತಿನ ಮೇಲಿಂದ ಇಳಿಬಿಟ್ಟ ಕಂಬಳಿಯೊಳಗೆ ಒಂದು ಕೈ ಇಟ್ಟುಕೊಂಡು ನೇರ ಕರಿಹಲಗೆಯ ಬಳಿ ಬಂದು ನಿಂತ. ಸೊಂಟದಲ್ಲಿ ಕತ್ತಿ ಕಟ್ಟಿಕೊಂಡ ವಿದ್ಯಾರ್ಥಿಗಳು ನಕ್ಕರು.

"ಪ್ರೊಫೆಸರ್ರೇ, ನನ್ನ ಹೆಂಡ್ತಿ, ಎರಡು ಮಕ್ಕಳು ಆ ಗೋಪುರದಲ್ಲಿದ್ರು. ಬೇಕಂತ ಎಡ ಅಂದ್ರಾ, ಬಾಯಿ ತಪ್ಪಿ ಅಂದ್ರಾ? ಬಾಯಿ ತಪ್ಪಿ ಅಂದಿದ್ರೆ ಹಣೆಬರಹ ಅಂದ್ಕೊಂಡು ಮನೆಗೆ ಹೋಗ್ತೀನಿ. ನೀವು ಏನಂದ್ರೂ ನಂಬ್ತೀನಿ."

ಡಾನ್ ಲಿಬೋರಿಯೊ ಅವನ ಕಂಬಳಿಯ ಅಂಚಿನಲ್ಲಿ ತೊಗಲು ಕೊಯ್ಯುವ ಚೂರಿಯ ಮೊನೆಯನ್ನು ಕಂಡರು. ಸೀಮೆಸುಣ್ಣದ ಕಡ್ಡಿಯನ್ನು ಮೇಜಿನ ಮೇಲಿಟ್ಟರು.

"ಬೇಕಂತಲೇ ಅಂದೆ," ಎಂದರು.

ಸೆಫೆರೀನೊ ನಂಬಿದ. ಚೂರಿ ಪಕ್ಕೆಲುಬಿನ ಕೆಳಗೆ ಹಿಡಿಯವರೆಗೂ ಇಳಿಯಿತು, ಡಾನ್ ಲಿಬೋರಿಯೊ ಎರಡೂ ಕೈಯಿಂದ ಅವನ ಮಣಿಕಟ್ಟನ್ನು ಹಿಡಿದು ಇನ್ನೂ ತಮ್ಮ ಕಡೆಗೇ ಎಳೆದುಕೊಂಡರು. ತಮ್ಮ ಸಾವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು ಆ ಪುಣ್ಯಾತ್ಮ. ವಿದ್ಯಾರ್ಥಿಗಳು ಬೆಂಚು ಹಾರಿ ಬಂದು ಸೆಫೆರೀನೊನನ್ನು ಕತ್ತಿಗಳಿಂದ ಕೊಚ್ಚತೊಡಗಿದರು. "ಸುಳ್ಳು ಹೇಳ್ದೆ, ಅವನನ್ನ ಬಿಡಿ," ಎಂದು ಪ್ರೊಫೆಸರ್ ನೆಲದಿಂದ ಕೂಗಿದರೂ ಬಾಯಿ ತುಂಬ ರಕ್ತ, ಯಾರಿಗೂ ಕೇಳಲಿಲ್ಲ. ಜೀನು ಹೊಲಿಯುವವನು ಅವರ ಪಕ್ಕದಲ್ಲೇ ತುಂಡುತುಂಡಾಗಿ ಸತ್ತ.

ಡಾನ್ ಲಿಬೋರಿಯೊ ಬದುಕಿಕೊಂಡರು. ಗಾಯ ಮಾಗಿತು. ಹಣ್ಣು ಮುದುಕರಾಗುವವರೆಗೂ ಅದೇ ಕೋಣೆಯಲ್ಲಿ, ಅದೇ ನೆಲದ ಮೇಲೆ ನಿಂತು ಬೀಜಗಣಿತ ಹೇಳಿಕೊಟ್ಟರು.