ಖಾರದ ಗಿರಣಿಗೆ ಹಚ್ಚಿದ ಕಿವಿ

ಮಾಘ ಮುಗಿಯುತ್ತ ಬಂದಿತ್ತು. ಕುರುಗೋಡಿನ ಸುತ್ತಲಿನ ಕಣಗಳಲ್ಲಿ ಮೆಣಸಿನಕಾಯಿ ಕೆಂಪಗೆ ಒಣಗುತ್ತಿತ್ತು. ಎರ್ರಿಸ್ವಾಮಿಯ ಖಾರ ಕುಟ್ಟುವ ಗಿರಣಿಯ ಮುಂದೆ ಬೆಳಗ್ಗಿನಿಂದಲೇ ಚೀಲಗಳ ಸಾಲು. ಒಳಗೆ ಕಬ್ಬಿಣದ ಒನಕೆಗಳು ಒಂದರ ಹಿಂದೊಂದು ಎದ್ದು ಬೀಳುತ್ತಿದ್ದವು. ಹೆಂಡತಿ ಕೊಟ್ರಬಸಮ್ಮ ಮುಖಕ್ಕೆ ಸೆರಗು ಸುತ್ತಿಕೊಂಡು ಪುಡಿ ಜರಡಿ ಹಿಡಿಯುತ್ತಿದ್ದಳು. ಎರ್ರಿಸ್ವಾಮಿ ಸೀನುತ್ತ ಸೀನುತ್ತಲೇ ತೂಕ ಮಾಡುತ್ತಿದ್ದ.

ಆ ಒನಕೆಗಳ ಸಪ್ಪಳವೇ ಈಗ ಅವನ ಕುತ್ತಿಗೆಗೆ ಬಂದಿತ್ತು. ತಮ್ಮ ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಜಯತೀರ್ಥರು ಪುರಸಭೆಗೆ ಅರ್ಜಿ ಕೊಟ್ಟಿದ್ದರು. ಯುಗಾದಿಯೊಳಗೆ ಸಪ್ಪಳ ಇಳಿಯಬೇಕು, ಇಳಿದಿದೆ ಎಂದು ಮೇಷ್ಟ್ರೇ ಸಹಿ ಹಾಕಬೇಕು, ಇಲ್ಲವಾದರೆ ಗಿರಣಿಯನ್ನು ಊರ ಹೊರಗೆ ಒಯ್ಯಬೇಕು ಎಂದು ಪುರಸಭೆಯ ನೋಟಿಸು ಬಂದಿತ್ತು. ಎರಡು ಸೇರು ಮೆಣಸಿನಕಾಯಿ ಹೊತ್ತುಕೊಂಡು ಅಷ್ಟು ದೂರ ಯಾರು ಬಂದಾರು ಎಂಬ ಚಿಂತೆಯಲ್ಲಿ ಎರ್ರಿಸ್ವಾಮಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ದಾರಿ ತೋರಿಸಿದವಳು ಮೇಷ್ಟ್ರ ತಮ್ಮನ ಮಗಳು ಶ್ರೀಕೃತಿ. ಬಳ್ಳಾರಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಸದ್ದಿನ ಬಗ್ಗೆಯೇ ಸಂಶೋಧನೆ ಮಾಡುವವಳು. ಗಿರಣಿಯ ಸಪ್ಪಳವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ, ಕೌಲ್ ಬಜಾರಿನ ವರ್ಕ್‌ಶಾಪಿನಲ್ಲಿ ಹಲಗೆಗಳನ್ನು ಮಾಡಿಸಿ ತಂದಳು. ಹಲಗೆಯ ತುಂಬ ಬಸವನಹುಳುವಿನ ಚಿಪ್ಪಿನಂಥ ಸುರುಳಿ ಕೊಳವೆಗಳು. ಮನುಷ್ಯನ ಒಳಗಿವಿಯಲ್ಲೂ ಇಂಥದೇ ಸುರುಳಿ ಇದೆ, ದಪ್ಪ ಸದ್ದಿಗೆ ಅದರಲ್ಲಿ ಒಂದು ಜಾಗ, ಕೀರಲು ಸದ್ದಿಗೆ ಇನ್ನೊಂದು ಜಾಗ ಎಂದು ಅವಳು ವಿವರಿಸಿದಳು. ಈ ಕೊಳವೆಗಳನ್ನು ಒನಕೆಯ ಸದ್ದಿಗೇ ಅಳತೆ ಮಾಡಿದ್ದರಿಂದ ಆ ಸದ್ದು ಒಳಗೆ ಹೋಗಿ ಅಲ್ಲೇ ಕರಗುತ್ತದೆ. ಮನುಷ್ಯರ ಮಾತು ಮಾತ್ರ ಹಾಗೇ ಉಳಿಯುತ್ತದೆ.

ಕೊಟ್ರಬಸಮ್ಮ ಹಲಗೆಯ ಮೇಲೆ ಕೈಯಾಡಿಸಿ ನೋಡಿದಳು. “ಇಷ್ಟು ಕಿವಿಯೊಳಗ ಖಾರ ಹೊಕ್ಕರ ಯಾರವ್ವ ತೊಳೆಯೋರು?”

ಮನುಷ್ಯರ ಮಾತು ಉಳಿಯುತ್ತದೆ ಎಂದದ್ದನ್ನು ಯಾರೂ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಆಡಲಾಗದ ಮಾತನ್ನು ಗಿರಣಿಯಲ್ಲಿ ಗಂಟಲು ಬಿಟ್ಟು ಆಡುವುದು ಆ ಸೀಮೆಯ ಹೆಂಗಸರ ರೂಢಿ. ಕಿವಿಗೆ ಬಾಯಿ ಹಚ್ಚಿ ಕೂಗಿದರೆ ಆ ಕಿವಿಗಷ್ಟೇ ಕೇಳುತ್ತಿತ್ತು, ಉಳಿದದ್ದನ್ನು ಒನಕೆ ಕುಟ್ಟಿ ಹಾಕುತ್ತಿತ್ತು. ಎರ್ರಿಸ್ವಾಮಿಗೂ ಅದೇ ಚಟ. ಬೆಳಗ್ಗೆ ಮಷಿನ್ ಚಾಲೂ ಮಾಡಿ, ಮೇಷ್ಟ್ರ ಗೋಡೆಯ ಕಡೆ ತಿರುಗಿ, ಒಂದು ಸಲ ಮನಸಾರೆ ಬೈದರೇನೇ ಅವನ ಕೈಗೆ ಕೆಲಸ ಹತ್ತುತ್ತಿದ್ದದ್ದು.

ಮಷಿನ್ ಸುತ್ತ ಹಲಗೆಗಳನ್ನು ಕೊಕ್ಕೆಗೆ ಸಿಕ್ಕಿಸಿದ ದಿನ ಮುಂಜಾನೆ, ಶ್ರೀಕೃತಿಯ ಎದುರಿಗೇ ಸ್ವಿಚ್ ಒತ್ತಿದರು. ಒನಕೆಗಳು ಎದ್ದವು, ಬಿದ್ದವು. ಆಚೆ ಓಣಿಯಲ್ಲಿ ಯಾರೋ ಗಾದಿ ಬಡಿದಷ್ಟು ಮಾತ್ರ ಸದ್ದು. ಆದರೆ ಜನರ ಗಂಟಲು ಹಳೆಯ ಅಳತೆಯಲ್ಲೇ ಇತ್ತು. ಬಾದನಹಟ್ಟಿಯ ಶೀಲಾ ಗೆಳತಿಯ ಕಿವಿಗೆ ಬಾಯಿ ಹಚ್ಚಿ ಕೂಗಿದಳು. “ನಮ್ಮತ್ತಿ ಸಿರುಗುಪ್ಪಕ್ಕ ಮಗಳ ಮನಿಗೆ ಹೋಗಿದ್ಳಲ್ಲ, ದಿನಾ ತುಪ್ಪ ಸುರುವಿ ಸಜ್ಜಕ ಮಾಡ್ಕೊಂಡು ಉಂಡೆ ನೋಡು.”

ಸಾಲಿನ ಕೊನೆಯಲ್ಲಿ ಚೀಲ ಹಿಡಿದು ನಿಂತಿದ್ದ ಅತ್ತೆ, ತುಪ್ಪದ ಗಡಿಗೆ ಬರಿದಾಗಿದ್ದಕ್ಕೆ ಬೆಕ್ಕನ್ನು ಹೊಡೆದೆನಲ್ಲ ಎಂದು ಮೆಲ್ಲಗೆ ಅಂದಳು. ಅದೂ ಎಲ್ಲರಿಗೂ ಕೇಳಿಸಿತು.

ಎರ್ರಿಸ್ವಾಮಿಯ ಲಕ್ಷ್ಯ ಅತ್ತ ಇರಲಿಲ್ಲ. ಅವನು ಗೋಡೆಯ ಕಡೆ ತಿರುಗಿ ಆಗಿತ್ತು. “ನನ್ನ ಮಷಿನ್ ಸಪ್ಪಳಕ್ಕ ನಿದ್ದಿ ಬರಂಗಿಲ್ಲಂತ ಮೇಷ್ಟ್ರಿಗೆ. ಅವರ ಗೊರಕಿ ಕೇಳಿ ನನ್ನ ಮಷಿನ್ನೇ ಬೆಲ್ಟ್ ಕಿತ್ಕೊಂಡು ಓಡಾಕ ನಿಂತೈತಿ.”

ಅವನು ತಿರುಗಿ ನೋಡಿದರೆ ಬಾಗಿಲಲ್ಲಿ ಜಯತೀರ್ಥರು, ಸಹಿಗೆಂದು ಪೆನ್ನು ಬಿಚ್ಚಿ ಹಿಡಿದು ನಿಂತಿದ್ದರು. ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಎರ್ರಿಸ್ವಾಮಿಗೆ ತನ್ನ ಗಿರಣಿ ಎತ್ತಿನ ಗಾಡಿಯಲ್ಲಿ ಊರು ದಾಟುತ್ತಿರುವುದೇ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಗೋಡೆಯಾಚೆಯಿಂದ ಮೇಷ್ಟ್ರ ಹೆಂಡತಿ ವಿಜಯಾಬಾಯಿಯವರ ದನಿ ಬಂತು. ಅವರೂ ಗಿರಣಿಯ ಸಪ್ಪಳ ಮೀರಿಸಿ ಮಾತಾಡಿ ರೂಢಿಯಾದವರು. “ಅರ್ಧಾ ಪಾತ್ರೆ ತಿಕ್ಕಿ ಎಲ್ಲಿ ಓಡಿ ಹೋದ್ರಿ? ಹಾಲಿನ ಪಾತ್ರಿ ತಳಾ ನಿನ್ನೆನೂ ಬೆಳಗಿಲ್ಲ. ಸಾಲಿ ಹುಡುಗರ್ನ ಹೆದರಿಸಿದಂಗ ನನ್ನ ಹೆದರಿಸ್ಲಿಕ್ಕೆ ಬರಬ್ಯಾಡ್ರಿ.”

ಸಾಲಿನಲ್ಲಿ ಅರ್ಧಕ್ಕರ್ಧ ಜನ ಮೇಷ್ಟ್ರ ಹತ್ತಿರ ಪೆಟ್ಟು ತಿಂದು ಕಲಿತವರೇ. ಎಲ್ಲರೂ ಚೀಲಗಳೊಳಗೆ ಮುಖ ಹಾಕಿದರು. ಒಬ್ಬಳು ನಗು ತಡೆಯಲಾರದೆ ಸೀನಿದಂತೆ ಮಾಡಿದಳು, ಇನ್ನೊಬ್ಬಳು ಅದನ್ನೇ ಮಾಡಿದಳು. ಗಿರಣಿಗೆ ಗಿರಣಿಯೇ ಸೀನತೊಡಗಿತು.

ಮೇಷ್ಟ್ರು ಎರ್ರಿಸ್ವಾಮಿಯ ರಟ್ಟೆ ಹಿಡಿದು ಮೂಲೆಗೆ ಕರೆದೊಯ್ದರು. “ಈ ಹಲಗಿ ಬೇಕಾದಾಗ ತೆಗೀಲಿಕ್ಕೆ ಬರ್ತದೇನೋ?”

“ಬರ್ತಾವ್ರಿ. ಕೊಕ್ಕಿ ಮ್ಯಾಲೆ ಅದಾವ.”

“ಹಂಗಿದ್ರ ಮುಂಜಾನೆ ತೆಗೆದಿಡು. ಮಧ್ಯಾಹ್ನ ನಾ ಮಲಗಿದಾಗ ಹಚ್ಚು.”

ಮುಂಜಾನೆ ಎಂದರೆ ಪಾತ್ರೆ ತಿಕ್ಕುವ ಹೊತ್ತು. ಇಷ್ಟು ವರ್ಷ ಆ ಬೈಗುಳವನ್ನೆಲ್ಲ ನುಂಗಿಕೊಂಡು ತಮ್ಮ ಮಾನ ಕಾದದ್ದು ಈ ಗಿರಣಿಯೇ ಎಂಬುದು ಮೇಷ್ಟ್ರಿಗೆ ಆಗಷ್ಟೇ ಹೊಳೆದಿತ್ತು. ಹೆಂಗಸರೂ ಒಂದೇ ಬಾಯಿಂದ ಅದೇ ಸರಿ ಎಂದರು. ಶೀಲಾ ಎಲ್ಲರಿಗಿಂತ ಜೋರಾಗಿ. ತನ್ನ ಶ್ರಮವೆಲ್ಲ ಒಬ್ಬರ ನಿದ್ದೆಗಷ್ಟೇ ಆಯಿತೇ ಎಂದು ಶ್ರೀಕೃತಿ ಮುಖ ಊದಿಸಿಕೊಂಡಳು. ಕಿವಿಯಾದರೂ ಎಷ್ಟಂತ ಕೇಳೀತು, ಅದಕ್ಕೂ ಒಪ್ಪತ್ತು ರಜೆ ಬೇಡವೇ ಎಂದು ಕೊಟ್ರಬಸಮ್ಮ ಅವಳನ್ನು ಸಮಾಧಾನ ಮಾಡಿದಳು.

ಮೇಷ್ಟ್ರು ಸಹಿ ಹಾಕಿದರು. ಕಾಗದ ಕೊಡುವಾಗ, “ನಂದು ಮುಗೀತು. ಗೊರಕಿ ಅಂದ್ಯಲ್ಲ, ಅದಕ್ಕ ತಪ್ಪಾತು ಅನ್ನೋದು ನಿಂದು ಬಾಕಿ ಅದ,” ಎಂದರು.

ಎರ್ರಿಸ್ವಾಮಿ ಆಗಲಿ ಎಂದ. ಮರುದಿನ ಮುಂಜಾನೆ, ಹಲಗೆ ಇಳಿಸಿ, ಒನಕೆಗಳು ನೆಲ ನಡುಗಿಸುವ ಹೊತ್ತು ನೋಡಿ, ಮೇಷ್ಟ್ರ ಎದುರು ಕೈಮುಗಿದು ನಿಂತು ತಪ್ಪಾಯಿತು ಎಂದ. ಮೇಷ್ಟ್ರು ಕಿವಿಗೆ ಅಂಗೈ ಹಚ್ಚಿದರು. ಅವನು ಮತ್ತೆ ಕೂಗಿದ. ಅವರು ನಗುತ್ತ ತಲೆ ಅಲ್ಲಾಡಿಸಿ, ಮಧ್ಯಾಹ್ನ ಹಲಗೆ ಹಚ್ಚಿದ ಮೇಲೆ ಬಂದು ಹೇಳು ಎಂದು ಸನ್ನೆ ಮಾಡಿದರು.

ಮಧ್ಯಾಹ್ನ ಎರ್ರಿಸ್ವಾಮಿಗೆ ಬೇರೆ ಕೆಲಸವಿತ್ತು. ಅದರ ಮರುದಿನವೂ ಇತ್ತು. ಈ ಸಲದ ಖಾರದ ಹಂಗಾಮಿನಲ್ಲಿ ಅವನಿಗೆ ಮಧ್ಯಾಹ್ನ ಕೈ ಬಿಡುವಾಗಲೇ ಇಲ್ಲ.